ರೆಪ್ಪೆ ತೋಡಿದ ಗುಂಡಿ: ಮುಚ್ಚುವ ಮುನ್ನ ಇಣುಕಿ ನೋಡಿ

ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಅಪ್ಪ. ನಾಲ್ಕನೇ ತರಗತಿಯ ಮಗಳು. ಇಬ್ಬರೂ ಬೆಳಗಿನ ಬಸ್ಸು ಹಿಡಿದು ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮನಹಳ್ಳಿ, ಮಡಿವಾಳ ದಾಟಿ ದೊಡ್ಡಾಸ್ಪತ್ರೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಶಾಲೆಯ ಟೀಚರ್ ಹೇಳಿ ಕಳಿಸಿದ್ದು ಇಷ್ಟೇ: “ಪಾಠದ ನಡುವೆ ಹುಡುಗಿ ಎಲ್ಲೋ ಕಳೆದುಹೋಗುತ್ತಾಳೆ. ಕೂಗಿದರೂ ಓಗೊಡುವುದಿಲ್ಲ. ರೆಪ್ಪೆ ಪಟಪಟ ಅಂತ ಬಡಿಯುತ್ತಿರುತ್ತದೆ. ಹತ್ತು ಸೆಕೆಂಡ್ ಕಳೆದರೆ ಮತ್ತೆ ಮೊದಲಿನಂತೆ.” ಅಜ್ಜಿಯ ಪ್ರಕಾರ ಇದು ದೃಷ್ಟಿ ತಾಗಿದ್ದು. ಅಪ್ಪನ ಪ್ರಕಾರ ಮೊಬೈಲು ನೋಡಿ ನೋಡಿ ಆಗಿದ್ದು. ಅಮ್ಮನಿಗೆ ಮಾತ್ರ ಒಳಗೊಳಗೇ ಭಯ: ಇದು ಫಿಟ್ಸ್ ಇರಬಹುದೆ?

ಇಇಜಿ ಕೋಣೆಯಲ್ಲಿ ಹುಡುಗಿಯನ್ನು ಮಲಗಿಸಿ, ಟೇಪು ಹಿಡಿದು ತಲೆ ಅಳೆದು, ಗುರುತು ಹಾಕಿ, ಪೇಸ್ಟು ಹಚ್ಚಿ ಇಪ್ಪತ್ತರಷ್ಟು ಪುಟ್ಟ ಬಿಲ್ಲೆಗಳನ್ನು ಕೂರಿಸಲಾಯಿತು. ಒಂದೊಂದು ಬಿಲ್ಲೆಗೂ ಒಂದು ತಂತಿ. ಪರದೆಯ ಮೇಲೆ ಗೆರೆಗಳು ನಡುಗುತ್ತ ಓಡತೊಡಗಿದವು. ಇದ್ದಕ್ಕಿದ್ದಂತೆ ಮೇಲಿನ ಗೆರೆಗಳೆಲ್ಲ ಒಟ್ಟಿಗೆ ಕುಸಿದು, ದೊಡ್ಡ ಗುಂಡಿ ತೋಡಿ, ಮತ್ತೆ ಮೇಲೆದ್ದವು. ಅಪ್ಪನ ಎದೆ ಧಸಕ್ಕೆಂದಿತು.

“ಮೇಡಂ, ಅದೇನಾ ಫಿಟ್ಸು?”

“ಅಲ್ಲ ಕಣ್ರೀ, ಅವಳು ಕಣ್ಣು ಮಿಟುಕಿಸಿದಳು ಅಷ್ಟೆ” ಎಂದರು ತಂತ್ರಜ್ಞೆ. “ಪುಟ್ಟೀ, ಕಣ್ಣು ಮುಚ್ಚಿಕೋ ನೋಡೋಣ, ಜಾಣೆ.”

ಗುಂಡಿಗಳು ನಿಂತವು. ಆದರೆ ಎರಡು ಪ್ರಶ್ನೆಗಳು ಉಳಿದವು. ಒಂದು ರೆಪ್ಪೆ ಬಡಿತ ಮಿದುಳಿನ ದಾಖಲೆಯಲ್ಲಿ ಇಷ್ಟು ದೊಡ್ಡ ಗುಂಡಿ ತೋಡುವುದು ಹೇಗೆ? ಅದನ್ನು ಮುಚ್ಚುವುದು ಹೇಗೆ? ಹೊಸೂರು ರಸ್ತೆಯ ಗುಂಡಿಗಳನ್ನು ಕಂಡವರಿಗೆ ಗೊತ್ತು, ಗುಂಡಿ ಮುಚ್ಚುವುದರಲ್ಲೂ ಎರಡು ಬಗೆ. ಒಳಗೇನಿದೆ ಎಂದು ನೋಡಿ ಮುಚ್ಚುವುದು ಒಂದು. ಮಣ್ಣು ಸುರಿದು ಕೈತೊಳೆದುಕೊಳ್ಳುವುದು ಇನ್ನೊಂದು.

ಸೆಲ್ಲಿನ ಮೂವತ್ತು ಸಾವಿರದ ಒಂದು ಪಾಲು

ಮಿದುಳಿನ ನರಕೋಶಗಳು ವಿದ್ಯುತ್ತಿನ ಮೂಲಕ ಮಾತಾಡಿಕೊಳ್ಳುತ್ತವೆ. ಸಾವಿರಾರು ಕೋಶಗಳು ಏಕಕಾಲಕ್ಕೆ ಮಿಡಿದಾಗ ಅದರ ಕ್ಷೀಣ ನೆರಳು ತಲೆಬುರುಡೆ ದಾಟಿ ನೆತ್ತಿಯ ಚರ್ಮಕ್ಕೆ ಬರುತ್ತದೆ. ಎಷ್ಟು ಕ್ಷೀಣ? ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಗಡಿಯಾರಕ್ಕೆ ಹಾಕುವ ಸೆಲ್ಲು ಒಂದೂವರೆ ವೋಲ್ಟಿನದು. 50 ಮೈಕ್ರೋವೋಲ್ಟ್ ಎಂದರೆ ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲು.

ಮನುಷ್ಯನ ತಲೆಯಿಂದ ಈ ಪಿಸುಮಾತನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಅದು 1924ನೇ ಇಸವಿ. ಅವರು ತಮ್ಮ ಮಗ ಕ್ಲಾಸ್‌ನ ತಲೆಗೂ ತಂತಿ ಕಟ್ಟಿ ಅಲೆಗಳನ್ನು ಬರೆಸಿದರು. ಆದರೆ ಜಗತ್ತಿಗೆ ತಿಳಿಸಿದ್ದು ಐದು ವರ್ಷಗಳ ನಂತರ, 1929ರಲ್ಲಿ. ಈ ತಡಕ್ಕೆ ಕಾರಣ ಅವರ ಸಂಶಯ ಸ್ವಭಾವ. ಕಾಣುತ್ತಿರುವುದು ನಿಜಕ್ಕೂ ಮಿದುಳಿನ ಅಲೆಯೋ? ಹೃದಯದ ಬಡಿತವೋ, ಸ್ನಾಯುವಿನ ಸೆಳೆತವೋ, ಕಣ್ಣಿನ ಚಲನೆಯೋ? ಒಂದೊಂದನ್ನೂ ಪರೀಕ್ಷಿಸಿ ತಳ್ಳಿಹಾಕಿದ ಮೇಲೆಯೇ ಅವರು ಬಾಯಿ ಬಿಟ್ಟರು. ಆಗಲೂ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ತೋರಿಸಿದ ನಂತರವೇ ಬರ್ಗರ್ ಮಾತಿಗೆ ಬೆಲೆ ಬಂತು. ಅಂದರೆ ಇಇಜಿ ಹುಟ್ಟಿದ ದಿನದಿಂದಲೂ ಅದರ ಜೊತೆಗೊಂದು ಅನುಮಾನ ಬೆಳೆದು ಬಂದಿದೆ: ಇದು ಮಿದುಳೋ, ಮಿದುಳಿನ ವೇಷ ಹಾಕಿದ ಬೇರೇನೋ?

ಕಣ್ಣೂ ಒಂದು ಬ್ಯಾಟರಿ

ವೇಷಧಾರಿಗಳಲ್ಲಿ ದೊಡ್ಡದು ಕಣ್ಣು. ಕಣ್ಣುಗುಡ್ಡೆ ಒಂದು ಪುಟ್ಟ ಬ್ಯಾಟರಿ ಇದ್ದ ಹಾಗೆ. ಮುಂಭಾಗದ ಪಾರದರ್ಶಕ ಕಾರ್ನಿಯಾ ಧನ ತುದಿ, ಹಿಂಭಾಗದ ಅಕ್ಷಿಪಟಲ ಋಣ ತುದಿ. ಎರಡರ ನಡುವೆ ಹೆಚ್ಚೆಂದರೆ ಒಂದು ಮಿಲಿವೋಲ್ಟಿನಷ್ಟು ಅಂತರ. ಒಂದು ಮಿಲಿವೋಲ್ಟ್ ಎಂದರೆ ಸಾವಿರ ಮೈಕ್ರೋವೋಲ್ಟ್. ಪಿಸುಗುಟ್ಟುವ ಮಿದುಳಿನ ಪಕ್ಕದಲ್ಲೇ ತಮಟೆ ಇಟ್ಟಂತೆ.

ಬ್ಯಾಟರಿ ಸುಮ್ಮನಿದ್ದರೆ ತೊಂದರೆಯಿಲ್ಲ. ರೆಪ್ಪೆ ಕೆಳಗಿಳಿದಾಗ ಅದು ಕಾರ್ನಿಯಾದ ಮೇಲೆ ಜಾರುತ್ತ, ತಂತಿಯ ಹಾಗೆ, ಅಲ್ಲಿನ ಧನ ವಿದ್ಯುತ್ತನ್ನು ಹಣೆಯ ಕಡೆಗೆ ಹಾಯಿಸುತ್ತದೆ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರಂತೂ ಗುಡ್ಡೆಯೇ ಮೇಲಕ್ಕೆ ಹೊರಳಿ ತನ್ನ ಧನ ತುದಿಯನ್ನು ಹಣೆಯತ್ತ ತಿರುಗಿಸುತ್ತದೆ. ಹಣೆಯ ಮೇಲಿನ ಬಿಲ್ಲೆಗಳಿಗೆ 100, 200 ಮೈಕ್ರೋವೋಲ್ಟಿನ ಹೊಡೆತ. ನರವೈದ್ಯರ ಸಂಪ್ರದಾಯದಲ್ಲಿ ಧನ ಅಲೆಯನ್ನು ಕೆಳಮುಖವಾಗಿ ಬರೆಯುತ್ತಾರೆ. ಅದಕ್ಕೇ ರೆಪ್ಪೆ ಬಡಿತ ಗುಡ್ಡವಾಗುವುದಿಲ್ಲ, ಗುಂಡಿಯಾಗುತ್ತದೆ. ಹಣೆಯಿಂದ ಹಿಂತಲೆಯ ಕಡೆಗೆ ಹೋದಂತೆ ಗುಂಡಿಯ ಆಳ ಕಡಿಮೆಯಾಗುತ್ತದೆ.

ಎಚ್ಚರವಾಗಿರುವ ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾನೆ. ಮನೆಯಲ್ಲೇ ಎಣಿಸಿ ನೋಡಬಹುದು. ತಂಗಿ ಹರಟುತ್ತಿರುವಾಗ ಒಂದು ನಿಮಿಷ, ಅವಳು ಪುಸ್ತಕದಲ್ಲಿ ಮುಳುಗಿರುವಾಗ ಒಂದು ನಿಮಿಷ, ಅವಳಿಗೆ ಗೊತ್ತಾಗದಂತೆ ಲೆಕ್ಕ ಹಾಕಿ. ಓದುವಾಗ ಎಣಿಕೆ ಇಳಿಯುವುದು ಕಾಣುತ್ತದೆ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಣ್ಣಿನ ಮೇಲೊಂದು, ಕೆಳಗೊಂದು

ಕಾಗದದ ಮೇಲೆ ಪೆನ್ನುಗಳು ಇಇಜಿ ಬರೆಯುತ್ತಿದ್ದ ಕಾಲದಲ್ಲಿ ಸೆಕೆಂಡಿಗೆ 30 ಮಿಲಿಮೀಟರಿನಂತೆ ಕಾಗದ ಓಡುತ್ತಿತ್ತು. ಇಪ್ಪತ್ತು ನಿಮಿಷದ ದಾಖಲೆಗೆ 36 ಮೀಟರ್. ಪಕ್ಕದಲ್ಲಿ ಕೂತ ತಂತ್ರಜ್ಞರು ರೋಗಿಯ ಮುಖದ ಮೇಲೆ ಕಣ್ಣಿಟ್ಟು “ರೆಪ್ಪೆ ಬಡಿದ”, “ಕೆಮ್ಮಿದ”, “ಹಲ್ಲು ಕಚ್ಚಿದ” ಎಂದು ಆ ಕಾಗದದ ಮೇಲೆಯೇ ಗುರುತು ಹಾಕುತ್ತಿದ್ದರು. ಇಂದು ಆ ಕೆಲಸಕ್ಕೆ ವಿಡಿಯೋ ಕ್ಯಾಮರಾ ಇದೆ. ಆದರೂ ಪರದೆ ಬಿಟ್ಟು ಮಗುವಿನ ಮುಖ ನೋಡುವ ತಂತ್ರಜ್ಞರಿಗೆ ಬದಲಿ ಬಂದಿಲ್ಲ.

ಅನುಮಾನ ಬಂದಾಗ ಅವರು ಬಳಸುವ ಉಪಾಯ ಸರಳ, ಆದರೆ ಚೆಂದದ್ದು. ಕಣ್ಣಿನ ಮೇಲೊಂದು, ಕೆಳಗೊಂದು ಬಿಲ್ಲೆ ಅಂಟಿಸುತ್ತಾರೆ. ಅಲೆ ಬಂದದ್ದು ಕಣ್ಣಿನಿಂದಾದರೆ ಮೇಲಿನ ಬಿಲ್ಲೆಗೆ ಧನ, ಕೆಳಗಿನದಕ್ಕೆ ಋಣ. ಎರಡು ಗೆರೆಗಳೂ ಎದುರುಬದುರು ದಿಕ್ಕಿಗೆ ಬಾಗುತ್ತವೆ. ಮಿದುಳಿನಿಂದ ಬಂದದ್ದಾದರೆ ಎರಡೂ ಬಿಲ್ಲೆಗಳು ಮೂಲದ ಒಂದೇ ಬದಿಗಿರುವುದರಿಂದ ಗೆರೆಗಳು ಒಂದೇ ದಿಕ್ಕಿಗೆ ಬಾಗುತ್ತವೆ. ಕಂಪ್ಯೂಟರ್ ಬೇಡ, ಸೂತ್ರ ಬೇಡ. ಎರಡು ಬಿಲ್ಲೆ ಸಾಕು.

ಜರಡಿಗೆ ಸಿಗದ ಕಸ

“ಬೇಡದ ಅಲೆಯನ್ನು ಫಿಲ್ಟರ್ ಹಾಕಿ ಸೋಸಿದರಾಯಿತಲ್ಲ?” ಎಂದು ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಕೇಳುವುದುಂಟು. ಕೆಲವು ಕಸಕ್ಕೆ ಆ ಉಪಾಯ ಸಾಕು. ಗೋಡೆಯೊಳಗಿನ ವಿದ್ಯುತ್ ತಂತಿ ಸೆಕೆಂಡಿಗೆ 50 ಸಲ ಗುಂಯ್‌ಗುಡುತ್ತದೆ. ಆಸ್ಪತ್ರೆಯಲ್ಲಿ ನೋಡುವ ಮುಖ್ಯ ಅಲೆಗಳು ಅದಕ್ಕಿಂತ ನಿಧಾನ. ಕಣ್ಣು ಮುಚ್ಚಿ ಆರಾಮಾಗಿದ್ದಾಗ ಬರುವ ಆಲ್ಫಾ ಅಲೆ ಸೆಕೆಂಡಿಗೆ 8ರಿಂದ 13. ಹಾಗಾಗಿ 50ನ್ನು ಮಾತ್ರ ಕತ್ತರಿಸಬಹುದು. ಅವಲಕ್ಕಿಯ ಹುಡಿಯನ್ನು ಜರಡಿ ಹಿಡಿದಂತೆ.

ರೆಪ್ಪೆಯದು ಹಾಗಲ್ಲ. ಅದರ ಶಕ್ತಿಯೆಲ್ಲ ಸೆಕೆಂಡಿಗೆ ಮೂರು ನಾಲ್ಕು ಸಲಕ್ಕಿಂತ ನಿಧಾನವಾದ ಅಲೆಗಳಲ್ಲಿದೆ. ಗಾಢ ನಿದ್ರೆಯ ಡೆಲ್ಟಾ ಅಲೆ, ಮಿದುಳಿಗೆ ಪೆಟ್ಟಾದಾಗ ಕಾಣುವ ನಿಧಾನದ ಅಲೆ, ಎಲ್ಲವೂ ಅದೇ ಬೀದಿಯವು. ರಾಗಿಗೆ ಸಾಸಿವೆ ಬೆರೆತರೆ ಜರಡಿ ಏನು ಮಾಡೀತು? ಎರಡೂ ಒಂದೇ ಗಾತ್ರ. ಸಾಸಿವೆ ಉದುರುವ ಕಣ್ಣಿನಲ್ಲಿ ರಾಗಿಯೂ ಉದುರುತ್ತದೆ.

ಇನ್ನೊಂದು ದಾರಿ ಎಂದರೆ ರೆಪ್ಪೆ ಬಡಿದ ಭಾಗವನ್ನೇ ಕತ್ತರಿಸಿ ಎಸೆಯುವುದು. ನಿಮಿಷಕ್ಕೆ 15 ಸಲ, ಪ್ರತಿ ಸಲಕ್ಕೂ ಒಂದು ಸೆಕೆಂಡು ಎಂದರೆ ದಾಖಲೆಯ ಕಾಲು ಭಾಗ ಕಸದ ಬುಟ್ಟಿಗೆ. “ರೆಪ್ಪೆ ಬಡಿಯಬೇಡ” ಎಂದು ಹೇಳಬಹುದು. ಹಾಗೆ ಹೇಳಿದ ಕೂಡಲೇ ಮಗುವಿನ ಗಮನವೆಲ್ಲ ರೆಪ್ಪೆಯ ಮೇಲೇ ಹೋಗಿ, ಪರೀಕ್ಷೆ ಮಾಡಬೇಕಾದ ಮನಸ್ಸೇ ಬದಲಾಗಿಬಿಡುತ್ತದೆ.

ಕಳೆಯುವ ಲೆಕ್ಕ

ಹಾಗಾದರೆ ಲೆಕ್ಕ ಹಾಕಿ ಕಳೆಯೋಣ ಎಂದು ಹೊರಟವರಿದ್ದಾರೆ. 1983ರಲ್ಲಿ ಅಮೆರಿಕದ ಗ್ರಾಟನ್, ಕೋಲ್ಸ್ ಮತ್ತು ಡಾನ್ಚಿನ್ ಪ್ರಕಟಿಸಿದ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ತಿರುಳು ಹೈಸ್ಕೂಲಿನ ಗಣಿತ. ಕಣ್ಣಿನ ಪಕ್ಕದ ಬಿಲ್ಲೆಯಲ್ಲಿ ರೆಪ್ಪೆ ಬಡಿತ 300 ಮೈಕ್ರೋವೋಲ್ಟ್ ತೋರಿಸಿದಾಗ ಹಣೆಯಲ್ಲಿ 150, ನೆತ್ತಿಯಲ್ಲಿ 30 ಬರುತ್ತದೆ ಎಂದುಕೊಳ್ಳಿ. ಅಂದರೆ ಹಣೆಯ ಪಾಲು ಅರ್ಧ, ನೆತ್ತಿಯ ಪಾಲು ಹತ್ತನೇ ಒಂದು. ಇನ್ನೊಮ್ಮೆ ಕಣ್ಣಿನಲ್ಲಿ 300, ನೆತ್ತಿಯಲ್ಲಿ 42 ಬಂದರೆ, 42ರಿಂದ 30 ಕಳೆದು ಉಳಿದ 12 ಮಿದುಳಿನದು. ಲೆಕ್ಕ ಮುಗಿಯಿತು.

ಆದರೆ ಲೆಕ್ಕದಲ್ಲೊಂದು ತೂತಿದೆ. ಕಣ್ಣಿನ ಪಕ್ಕದ ಬಿಲ್ಲೆ ಕಣ್ಣನ್ನು ಮಾತ್ರ ಕೇಳುವುದಿಲ್ಲ. ಹಿಂದೆಯೇ ಇರುವ ಮಿದುಳಿನ ಮುಂಭಾಗವನ್ನೂ ಕೇಳುತ್ತದೆ. ಮಿದುಳಿನ ಅಲೆಯೊಂದು ಹಣೆಯಲ್ಲಿ 60 ಮೈಕ್ರೋವೋಲ್ಟ್, ಕಣ್ಣಿನ ಬಿಲ್ಲೆಯಲ್ಲಿ 40 ತೋರಿಸಿತು ಎನ್ನಿ. ರೆಪ್ಪೆ ಬಡಿದೇ ಇಲ್ಲ. ಆದರೂ ಕಂಪ್ಯೂಟರು ನಿಯಮದ ಪ್ರಕಾರ 40ರ ಅರ್ಧ, ಅಂದರೆ 20 ಕಳೆಯುತ್ತದೆ. ಉಳಿದದ್ದು 40. ಮಿದುಳಿನ ಅಲೆಯಲ್ಲಿ ಮೂರನೇ ಒಂದು ಪಾಲು ಹೋಯಿತು. ಕೊಳೆಯ ಜೊತೆ ಬಟ್ಟೆಯ ಬಣ್ಣವೂ ಹೋದ ಹಾಗೆ.

ಪೀಣ್ಯದ ಶೆಡ್ಡಿನಲ್ಲಿ ಮೂರು ಮೈಕು

ಈಗ ಊರಿನ ಇನ್ನೊಂದು ತುದಿಗೆ, ಪೀಣ್ಯಕ್ಕೆ ಹೋಗೋಣ. ಅಲ್ಲೊಂದು ಸಣ್ಣ ಶೆಡ್ಡು. ಒಂದು ಮೂಲೆಯಲ್ಲಿ ಪವರ್ ಪ್ರೆಸ್ ಧಡ್ ಧಡ್ ಎನ್ನುತ್ತಿದೆ. ಇನ್ನೊಂದು ಮೂಲೆಯಲ್ಲಿ ಗ್ರೈಂಡಿಂಗ್ ಮೆಷಿನ್ ಕಿರ್‍ರೆನ್ನುತ್ತಿದೆ. ನಡುವೆ ಸೂಪರ್‌ವೈಸರ್ ಮಾತಾಡುತ್ತಿದ್ದಾರೆ. ಶೆಡ್ಡಿನ ಮೂರು ಕಡೆ ಮೂರು ಮೈಕು ಇಟ್ಟರೆ ಮೂರರಲ್ಲೂ ಮೂರು ಸದ್ದುಗಳ ಕಲಸುಮೇಲೋಗರ. ಆದರೆ ಪಾಲು ಬೇರೆ ಬೇರೆ. ಪ್ರೆಸ್ಸಿನ ಹತ್ತಿರದ ಮೈಕಿನಲ್ಲಿ ಧಡ್ ಜಾಸ್ತಿ, ದೂರದ್ದರಲ್ಲಿ ಕಡಿಮೆ. ಯಂತ್ರಗಳೂ ಮೈಕುಗಳೂ ಜಾಗ ಬದಲಿಸದಿದ್ದರೆ ಈ ಪಾಲೂ ಬದಲಾಗದು.

ಈ ಮೂರು ಮಿಶ್ರಣಗಳನ್ನಷ್ಟೇ ಕೊಟ್ಟು ಮೂರು ಮೂಲ ಸದ್ದುಗಳನ್ನು ಬಿಡಿಸಬಹುದೆ? ಪಾಲು ಎಷ್ಟೆಂದು ಹೇಳುವುದಿಲ್ಲ, ಯಂತ್ರ ಯಾವುದೆಂದೂ ಹೇಳುವುದಿಲ್ಲ. ಬಿಡಿಸಬಹುದು ಎನ್ನುತ್ತದೆ ಐಸಿಎ, ಅಂದರೆ ಇಂಡಿಪೆಂಡೆಂಟ್ ಕಾಂಪೊನೆಂಟ್ ಅನಾಲಿಸಿಸ್ ಎಂಬ ಗಣಿತ. 1995ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಬೆಲ್ ಮತ್ತು ಸೆಜ್ನೋವ್‌ಸ್ಕಿ ಇದಕ್ಕೊಂದು ಸುಲಭ ಕ್ರಮ ಕೊಟ್ಟರು. ಮರುವರ್ಷವೇ ಸ್ಕಾಟ್ ಮಕೇಗ್ ಮತ್ತು ಸಂಗಡಿಗರು ಅದನ್ನು ಇಇಜಿಗೆ ಹಚ್ಚಿದರು. ಇಂದು ಜಗತ್ತಿನ ಇಇಜಿ ಪ್ರಯೋಗಾಲಯಗಳಲ್ಲಿ ರೆಪ್ಪೆಯ ಗುಂಡಿ ಮುಚ್ಚಲು ಹೆಚ್ಚು ಬಳಕೆಯಾಗುವ ಸಲಕರಣೆಗಳಲ್ಲಿ ಇದೂ ಒಂದು.

ಇದರ ಗುಟ್ಟು ತಿಳಿಯಲು ಲೂಡೋ ಆಡುವ ದಾಳ ಸಾಕು. ಒಂದು ದಾಳವನ್ನು ನೂರು ಸಲ ಉರುಳಿಸಿ ಬರೆದಿಡಿ. ಒಂದರಿಂದ ಆರು, ಎಲ್ಲ ಸಂಖ್ಯೆಗಳೂ ಹೆಚ್ಚುಕಡಿಮೆ ಸಮವಾಗಿ ಬರುತ್ತವೆ. ಎರಡು ದಾಳ ಉರುಳಿಸಿ ಕೂಡಿಸಿ. 36 ಸಾಧ್ಯತೆಗಳಲ್ಲಿ 7 ಬರುವುದು ಆರು ಬಗೆಯಲ್ಲಿ, 2 ಬರುವುದು ಒಂದೇ ಬಗೆಯಲ್ಲಿ. ನಡುವೆ ಉಬ್ಬು, ಅಂಚಿನಲ್ಲಿ ತಗ್ಗು. ನಾಲ್ಕೈದು ದಾಳ ಕೂಡಿಸಿದರೆ ಗ್ರಾಫು ದೇವಸ್ಥಾನದ ಗಂಟೆಯ ಆಕಾರಕ್ಕೆ ಬರುತ್ತದೆ. ಬೆರಕೆ ಹೆಚ್ಚಿದಷ್ಟೂ ಗಂಟೆ ಸ್ಪಷ್ಟ. ಅಂದಮೇಲೆ ಬೆರಕೆ ಬಿಡಿಸಬೇಕಾದರೆ ಗಂಟೆಯಿಂದ ಆದಷ್ಟು ದೂರ ಸರಿಯಬೇಕು. ಕಂಪ್ಯೂಟರು ಮಿಶ್ರಣಗಳನ್ನು ಬೇರೆ ಬೇರೆ ಪಾಲಿನಲ್ಲಿ ಕೂಡಿಸಿ ಕಳೆದು, ಹೊರಬರುವ ಸಂಕೇತಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ, ಗಂಟೆಯ ಆಕಾರದಿಂದ ದೂರವಾಗುವಂತೆ ಹೊಂದಿಸುತ್ತಾ ಹೋಗುತ್ತದೆ. ಕೊನೆಗೆ ಧಡ್ ಬೇರೆ, ಕಿರ್‍ರ್ ಬೇರೆ, ಮಾತು ಬೇರೆ.

ತಲೆಯ ಮೇಲೆ ಮೈಕಿನ ಬದಲು ಬಿಲ್ಲೆಗಳಿವೆ. ಪವರ್ ಪ್ರೆಸ್ಸಿನ ಬದಲು ರೆಪ್ಪೆ ಇದೆ. ರೆಪ್ಪೆಯ ಅಂಶವನ್ನು ಸೊನ್ನೆ ಮಾಡಿ ಉಳಿದವನ್ನು ಮತ್ತೆ ಬೆರೆಸಿದರೆ ಗುಂಡಿ ಮಾಯ, ಕೆಳಗಿನ ಮಿದುಳಿನ ಅಲೆ ಹಾಗೇ ಉಳಿದಿರುತ್ತದೆ. ಪಿಯುಸಿಯಲ್ಲಿ “ಮ್ಯಾಟ್ರಿಕ್ಸ್ ಕಲಿತು ಏನು ಪ್ರಯೋಜನ?” ಎಂದು ಗೊಣಗುವ ವಿದ್ಯಾರ್ಥಿಗಳಿಗೆ ಇದೊಂದು ಉತ್ತರ. ಬೆರೆಸುವುದು ಒಂದು ಮ್ಯಾಟ್ರಿಕ್ಸ್, ಬಿಡಿಸುವುದು ಅದರ ವಿಲೋಮ.

ಆದರೆ ಐಸಿಎಗೆ ಎರಡು ಮಿತಿಗಳಿವೆ. ಬಿಡಿಸಿಟ್ಟ ಅಂಶಗಳಲ್ಲಿ ರೆಪ್ಪೆ ಯಾವುದು, ಮಿದುಳು ಯಾವುದು ಎಂದು ಅದು ಹೇಳುವುದಿಲ್ಲ. ಹಣೆಯ ಮೇಲೆ ಎಷ್ಟಿದೆ, ಹಿಂತಲೆಯಲ್ಲಿ ಎಷ್ಟಿದೆ ಎಂದು ನೋಡಿ ಮನುಷ್ಯರೇ ಗುರುತಿಸಬೇಕು, ಅಥವಾ ಮನುಷ್ಯರು ಗುರುತಿಸಿದ ಉದಾಹರಣೆಗಳಿಂದ ಕಲಿತ ಇನ್ನೊಂದು ಪ್ರೋಗ್ರಾಂ ಗುರುತಿಸಬೇಕು. ಎರಡನೆಯದು ಇನ್ನೂ ಮುಖ್ಯ. ಮೂರು ಸದ್ದುಗಳೂ ಒಂದರ ಹಂಗಿಲ್ಲದೆ ಇನ್ನೊಂದು ನಡೆಯುತ್ತಿರಬೇಕು. ಪ್ರೆಸ್ ಬಡಿದಾಗಲೆಲ್ಲ ಸೂಪರ್‌ವೈಸರ್ “ಹುಷಾರು!” ಎಂದು ಕೂಗುತ್ತಿದ್ದರೆ? ಬಡಿತವನ್ನೂ ಕೂಗನ್ನೂ ಗಣಿತ ಒಂದೇ ಗಂಟು ಕಟ್ಟುತ್ತದೆ. ಬಡಿತ ಬೇಡವೆಂದು ಗಂಟನ್ನು ಎಸೆದರೆ ಕೂಗೂ ಹೋಯಿತು.

ಕಸವೇ ಕಾಯಿಲೆಯಾದಾಗ

ಹೀಗೆ ಆಗುವುದು ಕಲ್ಪನೆಯಲ್ಲಿ ಮಾತ್ರವಲ್ಲ. 1977ರಲ್ಲಿ ಬ್ರಿಟನ್ನಿನ ವೈದ್ಯ ಜೀವನ್ಸ್ ಒಂದು ಬಗೆಯ ಅಪಸ್ಮಾರವನ್ನು ವಿವರಿಸಿದರು. ಮಕ್ಕಳಲ್ಲಿ ಶುರುವಾಗುವ ಈ ಕಾಯಿಲೆಯಲ್ಲಿ ರೆಪ್ಪೆಯ ತ್ವರಿತ ಅದುರುವಿಕೆಯೇ ಮೂರ್ಛೆಯ ಲಕ್ಷಣ. ಕಣ್ಣು ಮುಚ್ಚಿದ ಕೂಡಲೇ, ಹೆಚ್ಚಾಗಿ ಬೆಳಕಿನಲ್ಲಿ, ರೆಪ್ಪೆ ಅದುರುತ್ತದೆ. ಅದೇ ಕ್ಷಣದಲ್ಲಿ ಮಿದುಳಿನಲ್ಲಿ ಸೆಕೆಂಡಿಗೆ ಮೂರರಿಂದ ಆರು ಮುಳ್ಳಿನಲೆಗಳು ಏಳುತ್ತವೆ. ಶಿಕ್ಷಕರು “ಕಣ್ಣು ಹೊಡೆಯುವ ಚಾಳಿ” ಎಂದುಕೊಳ್ಳುತ್ತಾರೆ. ಮನೆಯವರು ಕನ್ನಡಕ ಕೊಡಿಸುತ್ತಾರೆ. ದಾಖಲೆಯನ್ನು ಕಣ್ಣುಮುಚ್ಚಿ ಸ್ವಚ್ಛ ಮಾಡುವ ಪ್ರೋಗ್ರಾಂ ಇಲ್ಲಿ ಕಸದ ಜೊತೆ ರೋಗದ ಸಾಕ್ಷಿಯನ್ನೂ ಗುಡಿಸಿಬಿಡಬಹುದು.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. ಕಣ್ಣು ಮುಚ್ಚಿಕೊಂಡ ಮಗು ಗಾಬರಿಯಿಂದ ರೆಪ್ಪೆ ನಡುಗಿಸಿದರೆ, ಹಣೆಯ ಗೆರೆಗಳಲ್ಲಿ ತಾಳಬದ್ಧ ಅಲೆಗಳೇಳುತ್ತವೆ. ಅವಸರದ ಕಣ್ಣಿಗೆ ಅದು ಅಪಸ್ಮಾರದಂತೆ ಕಂಡೀತು. ಹಾಗೆ ಓದಿದರೆ ಕಾಯಿಲೆಯಿಲ್ಲದ ಮಗುವಿಗೆ ವರ್ಷಗಟ್ಟಲೆ ಮಾತ್ರೆ, ಊರಿನವರ ಪಿಸುಮಾತು, ಮುಂದೆ ಮದುವೆ ಮಾತುಕತೆಯಲ್ಲೂ ನೆರಳು. ಅದಕ್ಕೇ ಆಸ್ಪತ್ರೆಯಲ್ಲಿ ರೋಗ ಪತ್ತೆ ಮಾಡುವಾಗ ಅನುಭವಿ ನರತಜ್ಞರು ಸ್ವಚ್ಛ ಮಾಡಿದ ಪ್ರತಿಯನ್ನಷ್ಟೇ ನಂಬುವುದಿಲ್ಲ. ಮೂಲ ದಾಖಲೆಯನ್ನೇ ತೆರೆದು, ವಿಡಿಯೋ ಜೊತೆಗಿಟ್ಟು, ರೆಪ್ಪೆ ರೆಪ್ಪೆಯೆಂದೂ ಮುಳ್ಳು ಮುಳ್ಳೆಂದೂ ಒಂದೊಂದಾಗಿ ಒಪ್ಪಿಸಿಕೊಳ್ಳುತ್ತಾರೆ.

ಅಷ್ಟಕ್ಕೂ ರೆಪ್ಪೆ ಎಲ್ಲರಿಗೂ ಕಸವಲ್ಲ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಂಪನಿಗಳ ರಾತ್ರಿ ಪಾಳಿಯ ನೌಕರರನ್ನು ಬೆಳಗಿನ ಜಾವ ಮನೆಗೆ ಬಿಡುವ ಕ್ಯಾಬ್ ಚಾಲಕನನ್ನು ನೆನೆಯಿರಿ. ತೂಕಡಿಕೆ ಬಂದವನ ರೆಪ್ಪೆ ನಿಧಾನವಾಗಿ ಇಳಿದು, ತಡವಾಗಿ ಏಳುತ್ತದೆ. ಚಾಲಕನನ್ನು ಎಚ್ಚರಿಸುವ ಯಂತ್ರ ಮಾಡುವವರಿಗೆ ಆ ರೆಪ್ಪೆಯೇ ಸಂಕೇತ, ಉಳಿದದ್ದು ಕಸ. ಮೈಯೆಲ್ಲ ಸೋತು ಮಾತು ನಿಂತವರಿಗೂ ಅಷ್ಟೆ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಅವರ ಪಾಲಿಗೆ ರೆಪ್ಪೆಯೇ ನಾಲಿಗೆ.

ಆಸ್ಪತ್ರೆಯ ಆಚೆ

ಮಿದುಳಿನ ಅಲೆಗಳು ಆಸ್ಪತ್ರೆಯಿಂದ ಹೊರಗೆ ಬಂದು ಬಹಳ ಕಾಲವಾಯಿತು. ಅಲ್ಲಿ ಅವನ್ನು ಯಾರು ಸೋಸುತ್ತಾರೆ, ಹೇಗೆ ಸೋಸುತ್ತಾರೆ ಎಂಬ ಪ್ರಶ್ನೆ ಇನ್ನೂ ಬಿರುಸು. ಚಿತ್ರವನ್ನೋ ಮಾತನ್ನೋ ಗುರುತಿಸಿದಾಗ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಅಲೆ ಕೆಲವೇ ಮೈಕ್ರೋವೋಲ್ಟಿನದು. ಅದನ್ನು ಕಾಣಲು ಹತ್ತಾರು ದಾಖಲೆಗಳನ್ನು ಸರಾಸರಿ ಮಾಡಬೇಕು. ಎಲ್ಲೆಂದರಲ್ಲಿ ಬೀಳುವ ಗದ್ದಲ ಸರಾಸರಿಯಲ್ಲಿ ಕರಗುತ್ತದೆ. ಆದರೆ ಚಿತ್ರ ಕಂಡೊಡನೆ ಪ್ರತಿ ಸಲವೂ ರೆಪ್ಪೆ ಬಡಿದರೆ ಅದು ಕರಗುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ಇಂಥ ಸೂಕ್ಷ್ಮ ಅಲೆಗಳಿಂದ ಅಪರಾಧಿಯ ನೆನಪನ್ನು ಓದುತ್ತೇವೆ ಎಂದು ಪೊಲೀಸ್ ತನಿಖೆಗಳಲ್ಲಿ ಪರೀಕ್ಷೆಗಳು ನಡೆದವು. 2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರು ಮುಖ್ಯಸ್ಥರಾಗಿದ್ದ ತಜ್ಞರ ಸಮಿತಿ ಇದಕ್ಕೆ ವೈಜ್ಞಾನಿಕ ಆಧಾರ ಸಾಲದು ಎಂದಿತು. 2010ರ ಮೇ 5ರಂದು ಸುಪ್ರೀಂ ಕೋರ್ಟು “ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ” ಪ್ರಕರಣದಲ್ಲಿ, ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ಪರೀಕ್ಷೆ ಇವು ಯಾವುದನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ತೀರ್ಪು ನಿಂತದ್ದು ವ್ಯಕ್ತಿಯ ಹಕ್ಕಿನ ಮೇಲೆ, ರೆಪ್ಪೆಯ ಮೇಲಲ್ಲ. ಆದರೂ ಕೆಲವು ಮೈಕ್ರೋವೋಲ್ಟಿನ ಮೇಲೆ ಒಬ್ಬರ ಹಣೆಬರಹ ಕೂರಿಸುವ ಮುನ್ನ ಯೋಚಿಸಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತಂದೆತಾಯಂದಿರಿಗೆ ಇನ್ನೂ ಹತ್ತಿರದ್ದೊಂದಿದೆ. 2019ರಲ್ಲಿ ಚೀನಾದ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಿ “ಗಮನ”ದ ಅಂಕ ಅಳೆಯುತ್ತಿದ್ದ ಸುದ್ದಿ ಹೊರಬಂದು, ಜನ ಸಿಟ್ಟಾಗಿ, ಅದನ್ನು ನಿಲ್ಲಿಸಲಾಯಿತು. ಹಣೆಯ ಪಟ್ಟಿ ಕೂರುವುದು ಎಲ್ಲಿ? ರೆಪ್ಪೆಯ ಗುಂಡಿ ಅತಿ ಆಳವಾಗಿರುವ ಜಾಗದಲ್ಲಿ. ಬಿಲ್ಲೆಗಳೋ ಒಂದೆರಡು, ಮೂರು ಸದ್ದು ಬಿಡಿಸಲು ಒಂದೇ ಮೈಕು ಇಟ್ಟಂತೆ. ಮೇಲಾಗಿ ಓದುವಾಗ ರೆಪ್ಪೆ ಬಡಿತ ತಾನೇ ಕಡಿಮೆಯಾಗುತ್ತದೆ ಎಂದು ತಂಗಿಯನ್ನು ನೋಡಿ ಎಣಿಸಿದ್ದಾಗಿದೆ. ಹಾಗಾದರೆ ಪಟ್ಟಿ ಕೊಟ್ಟ ಅಂಕ ಮಿದುಳಿನದೋ ರೆಪ್ಪೆಯದೋ? ಇಂಥ ವಸ್ತು ಮಾರಲು ಬಂದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: “ರೆಪ್ಪೆಯನ್ನು ಹೇಗೆ ಬೇರ್ಪಡಿಸುತ್ತೀರಿ? ಬೇರ್ಪಡಿಸುವ ಮುಂಚಿನ ದಾಖಲೆ ತೋರಿಸಿ.”

ಗಿರಗಟ್ಟಲೆ ಊದಿದ ಹುಡುಗಿ

ಹುಡುಗಿಯ ಪರೀಕ್ಷೆ ಇನ್ನೂ ಮುಗಿದಿಲ್ಲ. ತಂತ್ರಜ್ಞೆ ಅವಳ ಕೈಗೆ ಕಾಗದದ ಗಿರಗಟ್ಟಲೆ ಕೊಟ್ಟು, “ಮೂರು ನಿಮಿಷ ಜೋರಾಗಿ ಊದಬೇಕು ಪುಟ್ಟೀ, ನಿಲ್ಲಿಸಬಾರದು” ಎಂದರು. ಎರಡನೇ ನಿಮಿಷಕ್ಕೆ ಗಿರಗಟ್ಟಲೆ ನಿಂತಿತು. ಹುಡುಗಿಯ ದೃಷ್ಟಿ ಎಲ್ಲೋ ನೆಟ್ಟಿತು. ರೆಪ್ಪೆ ಪಟಪಟ ಅದುರಿತು. ಅದೇ ಕ್ಷಣದಲ್ಲಿ ಪರದೆಯ ಮೇಲೆ, ಹಣೆಯಲ್ಲಿ ಮಾತ್ರವಲ್ಲ, ಹಿಂತಲೆಯವರೆಗಿನ ಎಲ್ಲ ಗೆರೆಗಳಲ್ಲೂ ಒಂದು ಮುಳ್ಳು ಒಂದು ಅಲೆ, ಒಂದು ಮುಳ್ಳು ಒಂದು ಅಲೆ, ಸೆಕೆಂಡಿಗೆ ಮೂರರಂತೆ ಶಿಸ್ತಾಗಿ ಸಾಲುಗಟ್ಟಿದವು. ಒಂಬತ್ತು ಸೆಕೆಂಡಿಗೆ ಎಲ್ಲ ನಿಂತು, ಹುಡುಗಿ ಏನೂ ಆಗದವಳಂತೆ ಮತ್ತೆ ಊದತೊಡಗಿದಳು.

ಇದು ರೆಪ್ಪೆಯ ಗುಂಡಿಯಲ್ಲ. ಮಕ್ಕಳಲ್ಲಿ ಕಾಣುವ, ಕ್ಷಣಕಾಲ ಅರಿವು ತಪ್ಪುವ ಆಬ್ಸೆನ್ಸ್ ಅಪಸ್ಮಾರ. ಮಾತ್ರೆಗೆ ಬಗ್ಗುವ ಕಾಯಿಲೆ. ಎಷ್ಟೋ ಮಕ್ಕಳಲ್ಲಿ ಬೆಳೆದಂತೆ ತಾನೇ ಬಿಟ್ಟುಹೋಗುತ್ತದೆ. ಅವಳು ಪಾಠದಲ್ಲಿ ಗಮನವಿಲ್ಲದ ಹುಡುಗಿಯಾಗಿರಲಿಲ್ಲ. ಪಾಠವೇ ಅವಳಿಗೆ ನಡುನಡುವೆ ತುಂಡಾಗಿ ಕೇಳುತ್ತಿತ್ತು.

ಇಂಥ ಪರೀಕ್ಷೆಗೆ ಮಕ್ಕಳನ್ನು ಕರೆದೊಯ್ಯುವವರಿಗೆ ಕೆಲವು ಮಾತು. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ; ಎಣ್ಣೆ ಹಚ್ಚಬೇಡಿ, ಬಿಲ್ಲೆ ಹಿಡಿಯುವುದಿಲ್ಲ. ನಿದ್ದೆಗೆಡಿಸಬೇಕೆ ಎಂದು ಮೊದಲೇ ಕೇಳಿ. ನಡೆಯುತ್ತಿರುವ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಮನೆಯಲ್ಲಿ ಹೀಗಾದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಅದು ಎಷ್ಟೋ ಸಲ ಗೆರೆಗಳಿಗಿಂತ ಹೆಚ್ಚು ಹೇಳುತ್ತದೆ. ಇಇಜಿ ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ, ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆಯಲ್ಲಿ ಎಷ್ಟೋ ಜನರ ಇಇಜಿ ಉಳಿದ ಹೊತ್ತು ಸರಿಯಾಗಿಯೇ ಇರುತ್ತದೆ. ನಿಮ್ಹಾನ್ಸ್ ವೈದ್ಯರು 1988ರಲ್ಲಿ ಅಂಥ 279 ಮಂದಿಯ ವಿವರ ಪ್ರಕಟಿಸಿದ್ದರು. ಆ ಕಾಯಿಲೆ ಪತ್ತೆಯಾಗುವುದು ಮುಖ್ಯವಾಗಿ ಮನೆಯವರು ಹೇಳುವ ಮಾತಿನಿಂದ.

ಸಂಜೆ ಬೊಮ್ಮಸಂದ್ರದ ಬಸ್ಸಿನಲ್ಲಿ ಹುಡುಗಿ ಅಪ್ಪನ ಭುಜಕ್ಕೆ ಒರಗಿ ನಿದ್ದೆಹೋದಳು. ಕೂದಲಿಗೆ ಮೆತ್ತಿದ್ದ ಪೇಸ್ಟು ಒಣಗಿ ಗಟ್ಟಿಯಾಗಿತ್ತು. ಮನೆಗೆ ಹೋದ ಮೇಲೆ ಅಪ್ಪ ಮಾಡಬೇಕಾದ ಕೆಲಸ ಎರಡು. ಅಮ್ಮನಿಗೆ ಹೆದರಬೇಡ ಎಂದು ಹೇಳುವುದು. ನಾಳೆ ಶಾಲೆಗೆ ಹೋಗಿ, ಮಗಳ ಮುಖವನ್ನು ಸರಿಯಾಗಿ ನೋಡಿದ ಟೀಚರ್‌ಗೆ ಕೈಮುಗಿದು ಬರುವುದು.